ಆಟ ಹುಡುಗರದ್ದು, ಪಾಠ ಯಂತ್ರಕ್ಕೆ

2025ರ ಅಕ್ಟೋಬರ್‌ನಲ್ಲಿ ಅಮೆರಿಕದ ‘ಜನರಲ್ ಇಂಟ್ಯೂಷನ್’ ಎಂಬ ಹೊಸ ಕಂಪೆನಿಗೆ ಹೂಡಿಕೆದಾರರು 13.4 ಕೋಟಿ ಡಾಲರ್ ಕೊಟ್ಟರು. ಆಗತಾನೇ ಕಣ್ಣುಬಿಟ್ಟ ಕಂಪೆನಿಗೆ ಇಷ್ಟು ದೊಡ್ಡ ಮೊತ್ತ ಸಿಗುವುದು ಅಪರೂಪ. ಅದರ ಬಳಿ ಕಾರ್ಖಾನೆ ಇಲ್ಲ, ಮಾರುಕಟ್ಟೆಯಲ್ಲಿ ಹೆಸರು ಮಾಡಿದ ಸರಕೂ ಇಲ್ಲ. ಇದ್ದದ್ದು ಹುಡುಗರ ಆಟ. ಅದರ ಮೂಲ ಸಂಸ್ಥೆಯಾದ ‘ಮೆಡಲ್’ನಲ್ಲಿ ವೀಡಿಯೊ ಗೇಮ್ ಆಡುವವರು ತಮ್ಮ ಆಟದ ತುಣುಕುಗಳನ್ನು ಹಂಚಿಕೊಳ್ಳುತ್ತಾರೆ. ವರ್ಷಕ್ಕೆ 200 ಕೋಟಿ ತುಣುಕು, ತಿಂಗಳಿಗೆ ಒಂದು ಕೋಟಿ ಬಳಕೆದಾರರು ಎಂಬುದು ಕಂಪೆನಿಯೇ ಕೊಟ್ಟ ಲೆಕ್ಕ. ಈ ರಾಶಿಯನ್ನು ತೋರಿಸಿ ಕೃತಕ ಬುದ್ಧಿಮತ್ತೆಗೆ (ಎಐ) ಜಾಗ, ಚಲನೆ, ನಿರ್ಧಾರಗಳ ಪಾಠ ಹೇಳುವುದು ಅವರ ಯೋಜನೆ.

ತುಣುಕುಗಳಲ್ಲಿ ಅಂಥದ್ದು ಎಂತ ಉಂಟು? ಆಟಗಾರನ ಕಣ್ಣಿಗೆ ಏನು ಬಿತ್ತು, ಬಿದ್ದ ಕೂಡಲೇ ಆತ ಏನು ಮಾಡಿದ ಎಂಬ ಜೋಡಿ ಉಂಟು. ಸಾಮಾನ್ಯವಾಗಿ ಜನ ಹಂಚಿಕೊಳ್ಳುವುದು ಭರ್ಜರಿಯಾಗಿ ಗೆದ್ದ ಕ್ಷಣವನ್ನು, ಇಲ್ಲವೇ ನಗೆಪಾಟಲಾದ ಕ್ಷಣವನ್ನು. ಯಂತ್ರಕ್ಕೆ ಕಲಿಸುವವರಿಗೆ ಬೇಕಾದದ್ದೂ ಅದೇ, ಸರಿಯ ತುದಿ ಮತ್ತು ತಪ್ಪಿನ ತುದಿ. ಈ ಕಲಿಕೆಯಿಂದ ಹುಡುಕಾಟ ಮತ್ತು ರಕ್ಷಣೆಯ ಡ್ರೋನ್‌ಗಳಿಗೆ ಪ್ರಯೋಜನವಿದೆ ಎಂದು ಕಂಪೆನಿ ಹೇಳುತ್ತದೆ. ಕುಸಿದ ಕಟ್ಟಡದೊಳಗೆ ದಾರಿ ಕಂಡುಕೊಳ್ಳಬಲ್ಲ ಡ್ರೋನ್ ಒಳ್ಳೆಯದೇ. ಆದರೆ ಅದೇ ಬುದ್ಧಿ ಇರುವ ಡ್ರೋನ್ ಬೇರೆ ಯಾವ ಕಟ್ಟಡದೊಳಗೂ ನುಗ್ಗಬಲ್ಲದು ಎಂಬುದು ಓದುಗರಿಗೆ ಯಾರೂ ಬಿಡಿಸಿ ಹೇಳಬೇಕಾದ ಮಾತಲ್ಲ.

ಉಪ್ಪಳದಿಂದ ಉಳ್ಳಾಲದವರೆಗೆ ಯಾವ ಮದುವೆ ಹಾಲ್‌ಗೆ ಹೋದರೂ ಮೂಲೆಯಲ್ಲಿ ನಾಲ್ಕು ಹುಡುಗರು ತಲೆ ತಗ್ಗಿಸಿ ಕೂತಿರುವುದು ಕಾಣುತ್ತದೆ. ಒಬ್ಬ ‘ಮುಂದೆ ಹೋಗು’ ಅಂತಾನೆ, ಇನ್ನೊಬ್ಬ ‘ಮನೆ ಮೇಲೆ ಹತ್ತು’ ಅಂತಾನೆ. ಮೂರನೆಯವನಿಗೆ ಜೋಡಿಯಾಗಿ ಆಡುವ ಅಣ್ಣ ದುಬೈಯ ರೂಮಿನಿಂದಲೇ ಕೂಗುತ್ತಿರುತ್ತಾನೆ. ಹಿರಿಯರ ಕಣ್ಣಿಗೆ ಇದು ಹೊತ್ತು ಹಾಳು, ಕಣ್ಣು ಹಾಳು. ಮೊಬೈಲ್ ಚಟ ಬಿಡಿಸಲು ಕೇರಳ ಪೊಲೀಸರು ‘ಡಿ-ಡ್ಯಾಡ್’ ಎಂಬ ಕೇಂದ್ರಗಳನ್ನೇ ತೆರೆದಿದ್ದಾರೆ. ಚಟದ ಬಗ್ಗೆ ಮಾತು ಬೇಕಾದಷ್ಟು ನಡೆದಿದೆ, ನಡೆಯಲಿ. ಆದರೆ ಹೀಗೆ ಆಡಿದ ಆಟ, ಆಟ ಮುಗಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ.

ಜಗಲಿಯಲ್ಲಿ ಕೂತು ನೋಡಿದವನು

ಆಟ ನೋಡಿ ಆಟ ಕಲಿಯುವುದು ಹೊಸತೇನಲ್ಲ. ಹತ್ತನೇ ಶತಮಾನದ ಬಗ್ದಾದ್‌ನಲ್ಲಿ ಅಬ್ಬಾಸಿ ಆಸ್ಥಾನದ ಚದುರಂಗ ಪಟು ಅಸ್ಸೂಲಿ, ಶತ್ರಂಜ್ ಬಗ್ಗೆ ಪುಸ್ತಕ ಬರೆದದ್ದೇ ನೋಡಿದವರು ಕಲಿಯಲಿ ಎಂದು. 1824ರಲ್ಲಿ ಪ್ರಶ್ಯದ ಸೇನೆ ‘ಕ್ರೀಗ್ಸ್‌ಶ್ಪೀಲ್’ ಎಂಬ ನಕ್ಷೆಯಾಟವನ್ನು ತನ್ನ ಅಧಿಕಾರಿಗಳ ತರಬೇತಿಗೆ ಬಳಸತೊಡಗಿತು. ಯುದ್ಧಕ್ಕೂ ಆಟಕ್ಕೂ ನಂಟು ಅಷ್ಟು ಹಳೆಯದು. ಈಗ ಬದಲಾಗಿರುವುದು ಜಗಲಿಯಲ್ಲಿ ಕೂತು ನೋಡುತ್ತಿರುವವನು ಯಾರು ಎಂಬುದಷ್ಟೇ. ಮನುಷ್ಯ ಒಂದು ಸಂಜೆಯಲ್ಲಿ ಎರಡು ಆಟ ನೋಡಿಯಾನು. ಯಂತ್ರ ಲಕ್ಷಗಟ್ಟಲೆ ನೋಡುತ್ತದೆ, ನೋಡಿದ್ದನ್ನು ಮರೆಯುವುದೂ ಇಲ್ಲ.

ಕಲಿಯುವ ಕ್ರಮ ಕೇಳಲು ಸರಳ. ಆಟದ ಒಂದು ಸ್ಥಿತಿಯನ್ನು ಯಂತ್ರದ ಮುಂದಿಡುತ್ತಾರೆ. ಇಲ್ಲಿ ಮನುಷ್ಯ ಮುಂದೆ ಏನು ಮಾಡಿದ್ದಾನು, ಊಹಿಸು ಅಂತಾರೆ. ಊಹೆ ತಪ್ಪಿದರೆ ಒಳಗಿನ ಲೆಕ್ಕವನ್ನು ಕೊಂಚ ತಿದ್ದುತ್ತಾರೆ. ಸರಿಯಾದರೆ ಆ ದಾರಿ ಗಟ್ಟಿಯಾಗುತ್ತದೆ. ಹೀಗೆ ಕೋಟಿಗಟ್ಟಲೆ ಸಲ. ನಿಯಮವನ್ನು ಯಾರೂ ಬಾಯಲ್ಲಿ ಹೇಳಿಕೊಡುವುದಿಲ್ಲ.

ಜಗತ್ತು ಮೊದಲ ಬಾರಿಗೆ ಬೆಚ್ಚಿದ್ದು 2016ರ ಮಾರ್ಚ್‌ನಲ್ಲಿ. ಗೂಗಲ್ ಒಡೆತನದ ಡೀಪ್‌ಮೈಂಡ್ ಸಂಸ್ಥೆಯ ‘ಆಲ್ಫಾಗೋ’, ದಕ್ಷಿಣ ಕೊರಿಯದ ಸೋಲ್‌ನಲ್ಲಿ ‘ಗೋ’ ಆಟದ ದಿಗ್ಗಜ ಲೀ ಸೆಡೋಲ್ ಅವರನ್ನು 4-1ರಿಂದ ಸೋಲಿಸಿತು. ಅದು ಕಲಿಕೆ ಆರಂಭಿಸಿದ್ದು ಕೆಜಿಎಸ್ ಎಂಬ ಇಂಟರ್‌ನೆಟ್ ತಾಣದಲ್ಲಿ ನುರಿತ ಆಟಗಾರರು ಆಡಿಟ್ಟಿದ್ದ ಪಂದ್ಯಗಳ ಸುಮಾರು 3 ಕೋಟಿ ಸ್ಥಿತಿಗಳಿಂದ. ಮನುಷ್ಯನ ಮುಂದಿನ ನಡೆಯನ್ನು ಅದು 57 ಶೇಕಡದಷ್ಟು ಬಾರಿ ಸರಿಯಾಗಿ ಊಹಿಸುತ್ತಿತ್ತು. ಎರಡನೇ ಪಂದ್ಯದ 37ನೇ ನಡೆ ಈಗಲೂ ಚರ್ಚೆಯಲ್ಲಿದೆ. ಆ ನಡೆಯನ್ನು ಮನುಷ್ಯನೊಬ್ಬ ಆಡುವ ಸಾಧ್ಯತೆ ಹತ್ತು ಸಾವಿರದಲ್ಲಿ ಒಂದು ಎಂದು ಯಂತ್ರವೇ ಲೆಕ್ಕ ಹಾಕಿತ್ತು. ಅಂದರೆ ಮನುಷ್ಯ ಏನು ಮಾಡುತ್ತಾನೆ ಎಂಬುದನ್ನು ಚೆನ್ನಾಗಿ ಬಲ್ಲದ್ದರಿಂದಲೇ, ತಾನು ಮಾಡುತ್ತಿರುವುದು ಮನುಷ್ಯ ಮಾಡದ್ದು ಎಂದು ಅದಕ್ಕೆ ಗೊತ್ತಿತ್ತು.

ಮರುವರ್ಷ ಬಂದ ‘ಆಲ್ಫಾಗೋ ಝೀರೋ’ ಮನುಷ್ಯರ ಒಂದೇ ಒಂದು ಆಟವನ್ನೂ ನೋಡಲಿಲ್ಲ. ಮೂರು ದಿನ ತನ್ನೊಂದಿಗೆ ತಾನೇ ಆಡಿ, ಲೀ ಸೆಡೋಲ್‌ರನ್ನು ಮಣಿಸಿದ್ದ ಹಳೆಯ ಆವೃತ್ತಿಯನ್ನು 100-0 ಅಂತರದಲ್ಲಿ ಸೋಲಿಸಿತು. ಹಾಗಾದರೆ ಮನುಷ್ಯನನ್ನು ನೋಡಿ ಕಲಿಯುವ ಕಾಲ ಮುಗಿಯಿತು ಎಂದೇ ಆಗ ಅನೇಕರು ಬಗೆದರು. ಅಲ್ಲೇ ಎಡವಿದ್ದು.

ಗೆಲ್ಲುವುದು ಬೇರೆ, ಮನುಷ್ಯನನ್ನು ಅರಿಯುವುದು ಬೇರೆ

‘ಗೋ’ ಮತ್ತು ಚದುರಂಗದಲ್ಲಿ ಮುಚ್ಚುಮರೆ ಇಲ್ಲ. ಹಲಗೆ ಪೂರ್ತಿ ಇಬ್ಬರಿಗೂ ಕಾಣುತ್ತದೆ, ಒಬ್ಬರಾದ ಮೇಲೆ ಒಬ್ಬರು ಆಡುತ್ತಾರೆ. ಯುದ್ಧ ಹಾಗಲ್ಲ. ಎದುರಾಳಿ ಎಲ್ಲಿದ್ದಾನೆ ಎಂದು ಗೊತ್ತಿರುವುದಿಲ್ಲ, ಇಬ್ಬರೂ ಒಟ್ಟೊಟ್ಟಿಗೆ ಚಲಿಸುತ್ತಾರೆ, ಇವತ್ತಿನ ತಪ್ಪಿನ ಫಲ ಸಿಗುವುದು ಹತ್ತು ನಿಮಿಷ ಬಿಟ್ಟು. ಬ್ಲಿಝಾರ್ಡ್ ಕಂಪೆನಿಯ ‘ಸ್ಟಾರ್‌ಕ್ರಾಫ್ಟ್-2’ ಇಂಥ ಆಟ. ಗಣಿ ಅಗೆಯಬೇಕು, ನೆಲೆ ಕಟ್ಟಬೇಕು, ಸೇನೆ ಬೆಳೆಸಬೇಕು, ಕತ್ತಲೆ ಕವಿದ ನಕ್ಷೆಯಲ್ಲಿ ಬೇಹುಗಾರನನ್ನು ಕಳಿಸಿ ಶತ್ರು ಏನು ಕಟ್ಟುತ್ತಿದ್ದಾನೆ ಎಂದು ತಿಳಿಯಬೇಕು. ಒಂದೊಂದು ಹೆಜ್ಜೆಯಲ್ಲೂ ಆಯ್ದುಕೊಳ್ಳಬಹುದಾದ ಕ್ರಿಯೆಗಳು ಎಷ್ಟೆಂದರೆ, 1ರ ಮುಂದೆ 26 ಸೊನ್ನೆ ಬರೆಯಬೇಕು.

ಇಲ್ಲಿ ಯಂತ್ರವನ್ನು ಅದರಷ್ಟಕ್ಕೆ ಬಿಟ್ಟರೆ ದಾರಿ ಸಿಗುವುದಿಲ್ಲ. ಕಣ್ಣುಮುಚ್ಚಿ ಗುಂಡಿ ಒತ್ತುತ್ತಾ ಹೋದವನಿಗೆ, ಮೊದಲು ಕೆಲಸಗಾರರನ್ನು ಹೆಚ್ಚಿಸಿಕೋ, ಸೇನೆ ಆಮೇಲೆ ಎಂಬ ಸಣ್ಣ ವಿವೇಕವೂ ಹೊಳೆಯದು. ಆದ್ದರಿಂದ ಡೀಪ್‌ಮೈಂಡ್ ತನ್ನ ‘ಆಲ್ಫಾಸ್ಟಾರ್’ಗೆ ಮನುಷ್ಯರ 9.71 ಲಕ್ಷ ಪಂದ್ಯಗಳ ದಾಖಲೆ ಉಣಿಸಿತು. ಆ ದಾಖಲೆಗಳನ್ನು ಹೆಸರು ಅಳಿಸಿ ಸಂಶೋಧಕರಿಗೆ ಒದಗಿಸಿದ್ದು ಬ್ಲಿಝಾರ್ಡ್ ಕಂಪೆನಿಯೇ. ಬರೀ ನೋಡಿ ಕಲಿತಷ್ಟಕ್ಕೇ ಯಂತ್ರ 84 ಶೇಕಡ ಆಟಗಾರರಿಗಿಂತ ಮೇಲಿತ್ತು. ಬಳಿಕ ತನ್ನದೇ ಬೇರೆಬೇರೆ ಆವೃತ್ತಿಗಳ ಜೊತೆ ಲೀಗ್ ಮಾದರಿಯಲ್ಲಿ ಆಡಿಸಿದಾಗ, 2019ರ ಅಕ್ಟೋಬರ್ ಹೊತ್ತಿಗೆ ಅದು ಶ್ರೇಯಾಂಕ ಪಡೆದ 99.8 ಶೇಕಡ ಆಟಗಾರರನ್ನು ಹಿಂದಿಕ್ಕಿತು. ಮನುಷ್ಯರ ದಾಖಲೆ ತೆಗೆದುಹಾಕಿ ತರಬೇತಿ ಕೊಟ್ಟು ನೋಡಿದಾಗ ಸಾಮರ್ಥ್ಯ ತೀರಾ ಕುಸಿಯಿತು ಎಂಬುದನ್ನೂ ಸಂಶೋಧಕರೇ ಪ್ರಕಟಿಸಿದ್ದಾರೆ.

ಇದನ್ನು ಸ್ವಲ್ಪ ನಿಂತು ಗಮನಿಸಬೇಕು. ಆ ವಿಜಯದ ಬುಡದಲ್ಲಿ ಹೆಸರಿಲ್ಲದ ಸಾವಿರಾರು ಹುಡುಗರು ಇದ್ದಾರೆ. ರಾತ್ರಿ ನಿದ್ದೆಗೆಟ್ಟು, ಸೋತು, ಬೈದುಕೊಂಡು, ಮತ್ತೆ ಆಡಿ ಅವರು ಕಂಡುಕೊಂಡ ಉಪಾಯಗಳೇ ಯಂತ್ರದ ಮೊದಲ ಪಠ್ಯಪುಸ್ತಕ. ಅದಕ್ಕೆ ಅವರಿಗೆ ಸಂಬಳ ಸಿಗಲಿಲ್ಲ, ಬಿಡಿ, ಅವರು ಆಡಿದ್ದು ಸಂಬಳಕ್ಕಲ್ಲ. ಆದರೆ ಇಲ್ಲೊಂದು ವಿಚಿತ್ರ ಉಂಟು. 2019ರ ಬೇಸಗೆಯಲ್ಲಿ ಆಲ್ಫಾಸ್ಟಾರ್ ಯುರೋಪಿನ ಸರ್ವರ್‌ನಲ್ಲಿ ಗುಟ್ಟಾಗಿ ಆಡಲು ಇಳಿದಾಗ, ಅದರ ಎದುರು ಆಡಲು ಒಪ್ಪಿಗೆ ಇದೆಯೇ ಎಂದು ಆಟಗಾರರನ್ನು ಮೊದಲೇ ಕೇಳಲಾಗಿತ್ತು, ಒಪ್ಪಿದವರಿಗೆ ಮಾತ್ರ ಅದು ಎದುರಾಗುತ್ತಿತ್ತು. ಯಂತ್ರದ ಜೊತೆ ಒಂದು ಆಟ ಆಡಲು ಪ್ರತ್ಯೇಕ ಒಪ್ಪಿಗೆ ಬೇಕು. ಯಂತ್ರವನ್ನು ತಯಾರಿಸಲು ಹಳೆಯ ಲಕ್ಷಾಂತರ ಆಟಗಳನ್ನು ಬಳಸುವುದಕ್ಕೆ ಹೆಸರು ಅಳಿಸಿದರೆ ಸಾಕು.

ಓಪನ್‌ಎಐ 2022ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಕೆಲವು ಜನರಿಗೆ ದುಡ್ಡು ಕೊಟ್ಟು ‘ಮೈನ್‌ಕ್ರಾಫ್ಟ್’ ಆಡಿಸಿ, ಕೀಲಿ ಒತ್ತಿದ್ದನ್ನೆಲ್ಲ ದಾಖಲಿಸಿತು. ಆ ಸುಮಾರು 2,000 ಗಂಟೆಗಳ ದಾಖಲೆಯಿಂದ, ವೀಡಿಯೊ ನೋಡಿಯೇ ಆಟಗಾರ ಯಾವ ಕೀಲಿ ಒತ್ತಿರಬಹುದು ಎಂದು ಊಹಿಸುವ ಮಾದರಿ ತಯಾರಾಯಿತು. ಅದರ ಬಲದಿಂದ ಇಂಟರ್‌ನೆಟ್‌ನಲ್ಲಿ ಬಿದ್ದಿದ್ದ 70,000 ಗಂಟೆಗಳ ವೀಡಿಯೊ ಪಾಠವಾಗಿ ಬದಲಾಯಿತು. ಎರಡು ಸಾವಿರ ಗಂಟೆಗೆ ಸಂಬಳ, ಎಪ್ಪತ್ತು ಸಾವಿರ ಗಂಟೆ ಪುಕ್ಕಟೆ.

ತಪ್ಪು ಮಾಡುವುದನ್ನೂ ಕಲಿತ ಯಂತ್ರ

ಇವೆಲ್ಲ ಗೆಲ್ಲಲು ಕಲಿತ ಯಂತ್ರಗಳು. ನಿಜಕ್ಕೂ ಯೋಚನೆಗೆ ಹಚ್ಚಬೇಕಾದದ್ದು ಸೋಲುವುದನ್ನು ಕಲಿತ ಯಂತ್ರ. ಟೊರೊಂಟೊ ಮತ್ತು ಕಾರ್ನೆಲ್ ವಿಶ್ವವಿದ್ಯಾನಿಲಯಗಳು ಹಾಗೂ ಮೈಕ್ರೋಸಾಫ್ಟ್ ರಿಸರ್ಚ್‌ನ ಸಂಶೋಧಕರು 2020ರಲ್ಲಿ ‘ಮಾಯಾ’ ಎಂಬ ಚೆಸ್ ಮಾದರಿಯನ್ನು ಪ್ರಕಟಿಸಿದರು. ‘ಲಿಚೆಸ್’ ಎಂಬ ಉಚಿತ ಚೆಸ್ ತಾಣ ತನ್ನಲ್ಲಿ ನಡೆದ ಪಂದ್ಯಗಳನ್ನೆಲ್ಲ ಯಾರು ಬೇಕಾದರೂ ಇಳಿಸಿಕೊಳ್ಳಲಿ ಎಂದು ತೆರೆದಿಟ್ಟಿದೆ. ಅಲ್ಲಿಂದ 1100ರಿಂದ 1900ರವರೆಗಿನ ಒಂಬತ್ತು ಮಟ್ಟದ ಆಟಗಾರರನ್ನು ಬೇರ್ಪಡಿಸಿ, ಪ್ರತಿ ಮಟ್ಟಕ್ಕೂ 1.2 ಕೋಟಿ ಪಂದ್ಯಗಳನ್ನು ಕೊಟ್ಟು ಒಂಬತ್ತು ಮಾಯಾಗಳನ್ನು ತಯಾರಿಸಿದರು. ಇವುಗಳ ಕೆಲಸ ಅತ್ಯುತ್ತಮ ನಡೆ ಹುಡುಕುವುದಲ್ಲ, ಆ ಮಟ್ಟದ ಮನುಷ್ಯ ಆಡುವ ನಡೆಯನ್ನೇ ಆಡುವುದು. ಸುಮಾರು ಅರ್ಧದಷ್ಟು ಸಲ ಅವು ಅದನ್ನು ಸರಿಯಾಗಿ ಹೇಳಿದವು. ವಿಶ್ವದ ಬಲಿಷ್ಠ ಚೆಸ್ ಎಂಜಿನ್‌ಗಳಿಗೆ ಇದು ಸಾಧ್ಯವಾಗಿರಲಿಲ್ಲ. ಎಲ್ಲಿ ಮನುಷ್ಯ ಎಡವಟ್ಟು ಮಾಡುತ್ತಾನೆ ಎಂಬುದನ್ನು ಮುಂಚಿತವಾಗಿ ಹೇಳುವ ಪ್ರಯತ್ನವನ್ನೂ ಅದೇ ಸಂಶೋಧನೆ ಮಾಡಿತು.

ಉದ್ದೇಶ ಸಾಧುವೇ. ಮಗು ಎಲ್ಲಿ ತಪ್ಪುತ್ತದೆ ಎಂದು ಗೊತ್ತಿರುವ ಮೇಷ್ಟ್ರು ಒಳ್ಳೆಯ ಮೇಷ್ಟ್ರು. ಅಂಥ ಮೇಷ್ಟ್ರು ಸಿಗದ ಊರಿನ ಹುಡುಗಿಯೊಬ್ಬಳು ತನ್ನ ಮಟ್ಟಕ್ಕೆ ತಕ್ಕ ಮಾಯಾ ಜೊತೆ ಆಡಿ ಕಲಿಯಬಹುದು. ಆದರೆ ಮುಂದಿನ ವರ್ಷವೇ, 2021ರಲ್ಲಿ, ಈ ಸಂಶೋಧನೆಯ ಮುಂದುವರಿಕೆಯಾಗಿ ಬಂದ ಫಲಿತಾಂಶ ಬೇರೆಯೇ ಬಾಗಿಲು ತೆರೆಯಿತು. ಒಬ್ಬ ಆಟಗಾರನ ನೂರು ಪಂದ್ಯಗಳನ್ನು ತೋರಿಸಿದರೆ, ಸಾವಿರಾರು ಜನರ ನಡುವಿನಿಂದ ಅವನನ್ನು ಬರೀ ಆಟದ ಶೈಲಿಯಿಂದಲೇ 98 ಶೇಕಡ ನಿಖರತೆಯಲ್ಲಿ ಯಂತ್ರ ಗುರುತಿಸಿತು. ಇದರಿಂದ ಖಾಸಗಿತನಕ್ಕೆ ಆಗಬಹುದಾದ ಅಪಾಯದ ಬಗ್ಗೆ ಸಂಶೋಧಕರೇ ಎಚ್ಚರಿಸಿದರು.

ಹೆಸರು ಅಳಿಸಿದರೆ ಸಾಕು ಎಂಬ ವಾದ ಬಿದ್ದುಹೋಗುವುದು ಇಲ್ಲೇ. ದೂರದಿಂದ ಬರುತ್ತಿರುವವನ ಮುಖ ಕಾಣದಿದ್ದರೂ ನಡಿಗೆಯಿಂದಲೇ ಇಂಥವರ ಮಗ ಎಂದು ಊರಿನವರು ಹೇಳುವುದುಂಟಲ್ಲ, ಹಾಗೆಯೇ ಇದು. ಯಾವಾಗ ನುಗ್ಗುತ್ತಾನೆ, ಯಾವಾಗ ಹಿಂಜರಿಯುತ್ತಾನೆ, ಸೋಲುವಾಗ ಪಟ್ಟು ಹಿಡಿಯುತ್ತಾನೋ ಕೈಬಿಡುತ್ತಾನೋ, ಇದೆಲ್ಲ ಸೇರಿ ಬೆರಳಚ್ಚಿನಂಥ ಒಂದು ಗುರುತಾಗುತ್ತದೆ. ಪಾಸ್‌ವರ್ಡ್ ಬದಲಿಸಬಹುದು, ಸಿಮ್ ಬದಲಿಸಬಹುದು. ಆಡುವ ಸ್ವಭಾವವನ್ನು ಬದಲಿಸುವುದು ಹೇಗೆ?

ಮಾತನ್ನೂ ಕಲಿತಾಗ

ನಡೆ ಮಾತ್ರವಲ್ಲ, ಸಂಧಾನವನ್ನೂ ನೋಡಿ ಕಲಿತದ್ದು ಮೆಟಾ ಕಂಪೆನಿಯ ‘ಸಿಸೆರೊ’. ‘ಡಿಪ್ಲೊಮಸಿ’ ಎಂಬ ಆಟದಲ್ಲಿ ಏಳು ಮಂದಿ, ಮೊದಲ ಮಹಾಯುದ್ಧದ ಹಿಂದಿನ ಯುರೋಪಿನ ಏಳು ಶಕ್ತಿಗಳಾಗಿ ಕೂರುತ್ತಾರೆ. ಗುಟ್ಟಾಗಿ ಮಾತನಾಡಿಕೊಳ್ಳುತ್ತಾರೆ, ಮಾತು ಕೊಡುತ್ತಾರೆ, ಆಮೇಲೆ ಎಲ್ಲರೂ ಏಕಕಾಲಕ್ಕೆ ಆದೇಶ ಹೊರಡಿಸುತ್ತಾರೆ. ಮಾತು ಉಳಿಸಿಕೊಂಡವರು ಯಾರು, ಮುರಿದವರು ಯಾರು ಎಂದು ಗೊತ್ತಾಗುವುದು ಆಗಲೇ. ಈ ಆಟದ 40,408 ಪಂದ್ಯಗಳು ಮತ್ತು ಅವುಗಳಲ್ಲಿ ಆಟಗಾರರು ಪರಸ್ಪರ ಕಳಿಸಿಕೊಂಡ ಸುಮಾರು 1.29 ಕೋಟಿ ಸಂದೇಶಗಳು ಸಿಸೆರೊಗೆ ಪಾಠವಾದವು. 2022ರಲ್ಲಿ ಅದು ಅನಾಮಧೇಯವಾಗಿ 82 ಮನುಷ್ಯರ ಜೊತೆ 40 ಪಂದ್ಯ ಆಡಿ, ಒಂದಕ್ಕಿಂತ ಹೆಚ್ಚು ಪಂದ್ಯ ಆಡಿದವರಲ್ಲಿ ಮೇಲಿನ 10 ಶೇಕಡದೊಳಗೆ ಬಂತು. ತಾಣದಲ್ಲಿ ಎಐ ಸಂಶೋಧನೆ ನಡೆಯುತ್ತದೆ ಎಂಬ ಸೂಚನೆಯೇನೋ ಇತ್ತು. ಆದರೆ ತನಗೆ ‘ನಿನ್ನ ಬೆನ್ನಿಗೆ ನಾನಿದ್ದೇನೆ’ ಎನ್ನುತ್ತಿರುವ ಖಾತೆಯ ಹಿಂದೆ ಮನುಷ್ಯನಿಲ್ಲ ಎಂದು ಆಟದ ನಡುವಿನ ಸಂದೇಶಗಳಲ್ಲಿ ಯಾರೂ ಹೇಳಲಿಲ್ಲ.

ಸಿಸೆರೊ ಬಹುಮಟ್ಟಿಗೆ ಪ್ರಾಮಾಣಿಕವಾಗಿರುವಂತೆ ತಯಾರಾದದ್ದು ಎಂದು ಮೆಟಾ ಹೇಳಿಕೊಂಡಿತ್ತು. 2024ರಲ್ಲಿ ಬೇರೆ ಸಂಶೋಧಕರು ಅದರ ಪಂದ್ಯಗಳನ್ನು ಕೆದಕಿದಾಗ, ಅದು ಮಾತು ಕೊಟ್ಟು ತಪ್ಪಿದ, ಒಬ್ಬರ ಜೊತೆ ಸೇರಿ ಇನ್ನೊಬ್ಬರನ್ನು ನಂಬಿಸಿದ ಉದಾಹರಣೆಗಳು ಸಿಕ್ಕವು. ಆಟದಲ್ಲಿ ಇದು ಅಪರಾಧವಲ್ಲ, ಡಿಪ್ಲೊಮಸಿ ಆಡುವವರು ಅದಕ್ಕೇ ಆಡುವುದು. ಗಮನಿಸಬೇಕಾದದ್ದು ಬೇರೆ. ತನ್ನೊಂದಿಗೆ ತಾನೇ ಆಡಿಕೊಂಡ ಯಂತ್ರಕ್ಕೆ ಈ ಆಟ ದಕ್ಕುವುದಿಲ್ಲ, ಏಕೆಂದರೆ ಇಲ್ಲಿ ಮನುಷ್ಯ ಹೇಗೆ ನಂಬುತ್ತಾನೆ ಎಂದು ತಿಳಿಯದೆ ಗೆಲುವಿಲ್ಲ. ಅದನ್ನು ಕಲಿಯಲು ಇರುವುದು ಒಂದೇ ದಾರಿ, ಮನುಷ್ಯರನ್ನು ನೋಡುವುದು. ಸೇನೆಗಳಿಗೆ ಆಟಗಾರರ ಮೇಲೆ ಕಣ್ಣು ಬಿದ್ದದ್ದೂ ಈ ಕಾರಣಕ್ಕೇ.

ಸೇನೆಯ ಪ್ರಯೋಗಶಾಲೆಯಲ್ಲಿ

2020ರ ಆರಂಭದಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ವಿಶ್ವವಿದ್ಯಾನಿಲಯಕ್ಕೆ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ‘ಡಾರ್ಪಾ’ 3.16 ಲಕ್ಷ ಡಾಲರ್ ಕೊಟ್ಟಿತು. ಸ್ಟಾರ್‌ಕ್ರಾಫ್ಟ್‌ನಂಥ ತಂತ್ರಗಾರಿಕೆಯ ಆಟವನ್ನು ಸುಮಾರು 25 ಮಂದಿಯಿಂದ ಆಡಿಸಿ, ಅವರ ನಿರ್ಧಾರಗಳ ಜೊತೆಗೆ ಕಣ್ಣಿನ ಚಲನೆ ಮತ್ತು ಮಿದುಳಿನ ವಿದ್ಯುತ್ ಅಲೆಗಳನ್ನೂ ದಾಖಲಿಸುವುದು ಯೋಜನೆ. ಅದರಿಂದ ಸಿಕ್ಕ ತಿಳಿವಳಿಕೆಯಿಂದ ನೆಲದ ಮೇಲೂ ಆಕಾಶದಲ್ಲೂ ಚಲಿಸುವ 250 ರೋಬೋಟ್‌ಗಳ ಹಿಂಡನ್ನು ನಡೆಸುವ ಗುರಿ. ಒಬ್ಬ ಸೈನಿಕ ಒಂದು ಡ್ರೋನ್ ಹಾರಿಸಬಲ್ಲ, ಇನ್ನೂರೈವತ್ತನ್ನು ಒಂದೊಂದಾಗಿ ಹಾರಿಸಲಾರ. ಆದರೆ ಸ್ಟಾರ್‌ಕ್ರಾಫ್ಟ್ ಆಡುವ ಹುಡುಗ ಅಷ್ಟೇ ದೊಡ್ಡ ಸೇನೆಯನ್ನು ಗುಂಪು ಗುಂಪಾಗಿ ವಿಂಗಡಿಸಿ, ಎಡಕ್ಕೆ ಇಷ್ಟು, ಹಿಂದೆ ಇಷ್ಟು ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ಕಳಿಸುತ್ತಾನೆ. ಸೇನೆಗೆ ಬೇಕಾದದ್ದು ಆ ವಿದ್ಯೆ. ಅದೇ ವರ್ಷ ಡಾರ್ಪಾ ‘ಗೇಮ್‌ಬ್ರೇಕರ್’ ಎಂಬ ಇನ್ನೊಂದು ಯೋಜನೆಯನ್ನೂ ಆರಂಭಿಸಿ, ವೀಡಿಯೊ ಗೇಮ್‌ಗಳಲ್ಲಿ ಪಾರಮ್ಯ ಗಳಿಸುವ ತಂತ್ರಗಳನ್ನು ಎಐ ಮೂಲಕ ಹುಡುಕಿ ಯುದ್ಧಾಭ್ಯಾಸಕ್ಕೆ ಬಳಸಲು ಹೊರಟಿತು.

ಎಲ್ಲ ಸೇನಾ ಎಐಯೂ ಮನುಷ್ಯರನ್ನು ನೋಡಿಯೇ ಕಲಿತದ್ದು ಎಂದುಕೊಂಡರೆ ತಪ್ಪಾದೀತು. 2020ರ ಆಗಸ್ಟ್‌ನಲ್ಲಿ ಡಾರ್ಪಾದ ಸ್ಪರ್ಧೆಯಲ್ಲಿ ‘ಹೆರಾನ್ ಸಿಸ್ಟಮ್ಸ್’ನ ಯಂತ್ರ, ನುರಿತ ಎಫ್-16 ಪೈಲಟ್ ಒಬ್ಬರನ್ನು ಸಿಮ್ಯುಲೇಟರ್‌ನಲ್ಲಿ 5-0ರಿಂದ ಸೋಲಿಸಿತು. ಅದು ಮುಖ್ಯವಾಗಿ ತನ್ನಷ್ಟಕ್ಕೆ ಸಿಮ್ಯುಲೇಟರ್‌ನಲ್ಲಿ ಹಾರಿ ಹಾರಿ ಪಳಗಿದ್ದು. 2023ರಲ್ಲಿ ಎಐ ನಡೆಸುವ ಎಕ್ಸ್-62ಎ ವಿಮಾನ ನಿಜವಾದ ಆಕಾಶದಲ್ಲೇ ಮನುಷ್ಯ ನಡೆಸುವ ಎಫ್-16ರ ಎದುರು ಹಾರಿತು. ಅಲ್ಲೂ ಭೌತಶಾಸ್ತ್ರದ ಲೆಕ್ಕವೇ ಪ್ರಧಾನ.

ಹಾಗೆಯೇ ಗಾಝಾದ ವಿಚಾರ. 2024ರ ಎಪ್ರಿಲ್‌ನಲ್ಲಿ ‘+972’ ನಿಯತಕಾಲಿಕ ಪ್ರಕಟಿಸಿದ ತನಿಖಾ ವರದಿಯ ಪ್ರಕಾರ ಇಸ್ರೇಲ್ ಸೇನೆಯ ‘ಲ್ಯಾವೆಂಡರ್’ ವ್ಯವಸ್ಥೆ 37,000 ಫೆಲೆಸ್ತೀನಿಯರನ್ನು ಶಂಕಿತರೆಂದು ಗುರುತಿಸಿತ್ತು. ಹಲವು ಬಾರಿ ಒಬ್ಬೊಬ್ಬರ ಹೆಸರನ್ನು ಮನುಷ್ಯ ಪರಿಶೀಲಿಸಿದ್ದು ಸುಮಾರು 20 ಸೆಕೆಂಡ್ ಮಾತ್ರ. ಯಂತ್ರ ಗುರಿಗಳನ್ನು ಆರಿಸುವುದಿಲ್ಲ, ಅದು ಮಾಹಿತಿ ಹೊಂದಿಸುವ ಸಾಧನವಷ್ಟೇ ಎಂದು ಸೇನೆ ಹೇಳಿತು. ಲ್ಯಾವೆಂಡರ್ ಕಲಿತದ್ದು ಆಟದಿಂದಲ್ಲ, ಜನರ ಮೇಲಿನ ಕಣ್ಗಾವಲಿನ ಮಾಹಿತಿಯಿಂದ. ಎರಡನ್ನೂ ಒಂದೇ ಚೀಲಕ್ಕೆ ಹಾಕಿ ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಡುವುದು ಸುಲಭ, ಆದರೆ ಸರಿಯಲ್ಲ. ಮಗ ಆಡಿದ ಪಬ್‌ಜಿಯಿಂದ ಎಲ್ಲೋ ಬಾಂಬ್ ಬಿತ್ತು ಎಂದು ತಾಯಿಯನ್ನು ಹೆದರಿಸಲು ಆಧಾರವಿಲ್ಲ. ಎರಡರ ನಡುವೆ ಇರುವ ನಿಜವಾದ ಹೋಲಿಕೆ ಒಂದೇ. ಮನುಷ್ಯ ಹೇಗೆ ವರ್ತಿಸುತ್ತಾನೆ ಎಂಬುದರ ದಾಖಲೆ ರಾಶಿ ಬಿದ್ದಿದ್ದರೆ, ಅದರಿಂದ ಯಂತ್ರ ಏನು ಕಲಿಯಬೇಕು ಎಂದು ತೀರ್ಮಾನಿಸುವವನು ಆ ರಾಶಿಯ ಒಡೆಯ, ವರ್ತಿಸಿದವನಲ್ಲ.

ಬಫಲೋದಂಥ ಅಧ್ಯಯನದಲ್ಲಿ ತಲೆಗೆ ತಂತಿ ಕಟ್ಟಿಸಿಕೊಂಡು ಕೂರುವವನಿಗೆ ತನ್ನನ್ನು ಯಾರೋ ಅಭ್ಯಸಿಸುತ್ತಿದ್ದಾರೆ ಎಂಬುದಾದರೂ ಗೊತ್ತಿರುತ್ತದೆ. ಉಳಿದವರಿಗೆ?

ದಿಲ್ಲಿ ಏನು ಹೇಳುತ್ತದೆ

ಆಟದ ಡೇಟಾ ಸಣ್ಣ ವಿಷಯವಲ್ಲ ಎಂದು ಭಾರತ ಸರಕಾರವೇ ಒಮ್ಮೆ ಘೋಷಿಸಿದೆ. 2020ರ ಸೆಪ್ಟಂಬರ್ 2ರಂದು ಪಬ್‌ಜಿ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸುವಾಗ ಕೊಟ್ಟ ಕಾರಣ ದೇಶದ ಸಾರ್ವಭೌಮತೆ ಮತ್ತು ಭದ್ರತೆ. ಬಳಕೆದಾರರ ಮಾಹಿತಿ ದೇಶದ ಹೊರಗಿನ ಸರ್ವರ್‌ಗಳಿಗೆ ಹೋಗುತ್ತಿದೆ ಎಂಬ ದೂರುಗಳು ಅದರ ಹಿಂದಿದ್ದವು. ಮರುವರ್ಷ ಅದೇ ಆಟ ‘ಬಿಜಿಎಂಐ’ ಎಂಬ ಹೊಸ ಹೆಸರಿನಲ್ಲಿ ಬಂತು, 2022ರಲ್ಲಿ ಮತ್ತೆ ಮಾಯವಾಯಿತು, 2023ರಲ್ಲಿ ಮತ್ತೆ ಪ್ರತ್ಯಕ್ಷವಾಯಿತು. ಹುಡುಗರು ಈ ಬರೋಣ ಹೋಗೋಣಗಳನ್ನು ಮಳೆಗಾಲ ಬೇಸಗೆಯಂತೆ ಸಹಿಸಿಕೊಂಡರು. 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದು ದುಡ್ಡಿನ ಆಟಗಳಿಗೆ ತಡೆ ಹಾಕಿತು, ಇ-ಸ್ಪೋರ್ಟ್ಸ್‌ಗೆ ಪ್ರೋತ್ಸಾಹ ಎಂದಿತು. ದುಡ್ಡು ಕಳೆದುಕೊಂಡ ಮನೆಗಳ ಗೋಳು ನೋಡಿದರೆ ಆ ತಡೆ ಬೇಕಾಗಿಯೇ ಇತ್ತು. ಆದರೆ ದುಡ್ಡು ಕಟ್ಟದೆ ಆಡುವವನು ಬೇರೆ ಏನನ್ನು ಕೊಡುತ್ತಿದ್ದಾನೆ ಎಂಬುದು ಆ ಚರ್ಚೆಯ ವಿಷಯವಾಗಲಿಲ್ಲ.

ಅದನ್ನು ನೋಡಿಕೊಳ್ಳಬೇಕಾದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಕಾಗದದ ಮೇಲೆ ಅದು ಮಕ್ಕಳ ವಿಷಯದಲ್ಲಿ ಗಟ್ಟಿಯಾಗಿದೆ. 18 ವರ್ಷದೊಳಗಿನವರ ಮಾಹಿತಿ ಬಳಸಲು ಹೆತ್ತವರ ಖಚಿತ ಒಪ್ಪಿಗೆ ಬೇಕು. ಮಕ್ಕಳ ವರ್ತನೆಯ ಮೇಲೆ ನಿಗಾ ಇಡುವಂತಿಲ್ಲ. ಮಕ್ಕಳ ವಿಚಾರದಲ್ಲಿ ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ಹಾಗಾದರೆ ಹೆದರಿಕೆ ಯಾಕೆ? ಸಂದಿಗಳು ಉಂಟು, ಅದಕ್ಕೆ. ಕಾಯ್ದೆ ರಕ್ಷಿಸುವುದು ವ್ಯಕ್ತಿಯನ್ನು ಗುರುತಿಸಬಲ್ಲ ಮಾಹಿತಿಯನ್ನು. ಹೆಸರು ಅಳಿಸಿದ ಆಟ ಅದರಡಿ ಬರುವುದಿಲ್ಲ ಎಂದು ಕಂಪೆನಿ ವಾದಿಸಬಹುದು, ಶೈಲಿಯಿಂದಲೇ ಗುರುತು ಹಿಡಿಯಬಹುದು ಎಂಬ ಸಂಶೋಧನೆ ಇದ್ದರೂ ಸಹ. ವ್ಯಕ್ತಿ ತಾನಾಗಿಯೇ ಸಾರ್ವಜನಿಕಗೊಳಿಸಿದ ಮಾಹಿತಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಯೂಟ್ಯೂಬ್‌ಗೆ ತನ್ನ ಆಟ ಹಾಕಿದವನು ಅಲ್ಲಿಗೆ ಹೊರಗೆ. ಸಂಶೋಧನೆ ಮತ್ತು ಅಂಕಿಅಂಶದ ಉದ್ದೇಶಕ್ಕೆ ಷರತ್ತಿನ ಮೇಲೆ ವಿನಾಯಿತಿ ಇದೆ. ಸರಕಾರ ತಾನು ಸೂಚಿಸಿದ ತನ್ನದೇ ಸಂಸ್ಥೆಗಳಿಗೆ ಭದ್ರತೆಯ ಹೆಸರಿನಲ್ಲಿ ಪೂರ್ತಿ ವಿನಾಯಿತಿ ಕೊಡಬಹುದು.

ಒಪ್ಪಿಗೆ ಎಂಬುದರ ಕಥೆಯೂ ಎಲ್ಲರಿಗೂ ಗೊತ್ತು. ಹನ್ನೆರಡು ವರ್ಷದ ಹುಡುಗ ಉಮ್ಮನ ಫೋನ್ ತೆಗೆದುಕೊಂಡು, ಉಮ್ಮನ ಹುಟ್ಟಿದ ವರ್ಷ ಹಾಕಿ, ಇಂಗ್ಲಿಷಿನಲ್ಲಿರುವ ಇಪ್ಪತ್ತು ಪುಟದ ಷರತ್ತುಗಳ ಕೆಳಗಿನ ಗುಂಡಿ ಒತ್ತುತ್ತಾನೆ. ಷರತ್ತನ್ನು ಕನ್ನಡದಲ್ಲೋ ಮಲಯಾಳದಲ್ಲೋ ಓದುವ ಆಯ್ಕೆ ಕೊಡಬೇಕೆಂದು ಈ ಕಾಯ್ದೆಯೇ ಹೇಳುತ್ತದೆ. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಆ ಹಕ್ಕು ಉಂಟು. ಬ್ಯಾರಿ ಭಾಷೆ ಆ ಪಟ್ಟಿಯಲ್ಲಿಲ್ಲ, ತುಳುವೂ ಇಲ್ಲ. ಆದರೂ ‘ನಿಮ್ಮ ಮಗನ ಆಟವನ್ನು ಎಐ ತರಬೇತಿಗೆ ಬಳಸುತ್ತೇವೆ, ಆ ಎಐಯನ್ನು ಇಂಥವರಿಗೆ ಮಾರಬಹುದು’ ಎಂಬ ಒಂದು ವಾಕ್ಯ ಕನ್ನಡದಲ್ಲಿ ಬಂದರೆ ಕಾಸರಗೋಡಿನ ತಾಯಿ ಓದಿ ಅರ್ಥಮಾಡಿಕೊಳ್ಳುತ್ತಾಳೆ. ಬೇಡ ಎನ್ನುವ ಆಯ್ಕೆ ಅವಳಿಗಿದ್ದು, ಬೇಡ ಎಂದರೂ ಮಗ ಆಡಬಹುದು ಎಂದಿದ್ದರೆ ಮಾತ್ರ ಅದು ಒಪ್ಪಿಗೆ. ಡೀಪ್‌ಮೈಂಡ್‌ನ ‘ಸಿಮಾ’ ಯೋಜನೆ 2024ರಲ್ಲಿ ಎಂಟು ಗೇಮ್ ಸ್ಟುಡಿಯೊಗಳ ಜೊತೆ ಮೊದಲೇ ಮಾತುಕತೆ ಮಾಡಿಕೊಂಡು ನಡೆಯಿತು. ಸ್ಟುಡಿಯೊಗಳ ಜೊತೆ ಮಾತನಾಡಲು ಸಾಧ್ಯವಾದರೆ ಆಟಗಾರರ ಜೊತೆ ಯಾಕೆ ಸಾಧ್ಯವಿಲ್ಲ?

ಇನ್ನು ಕಲಿತ ಯಂತ್ರ ಕೊಲ್ಲುವ ಅಧಿಕಾರ ಪಡೆಯಬೇಕೇ ಎಂಬ ಪ್ರಶ್ನೆ. 2023ರ ಡಿಸೆಂಬರ್‌ನಲ್ಲಿ ಸ್ವಯಂಚಾಲಿತ ಮಾರಕಾಸ್ತ್ರಗಳ ಸವಾಲನ್ನು ತುರ್ತಾಗಿ ಎದುರಿಸಬೇಕೆಂಬ ನಿರ್ಣಯ ವಿಶ್ವಸಂಸ್ಥೆಯ ಮಹಾಸಭೆಯ ಮುಂದೆ ಬಂದಾಗ 152 ದೇಶಗಳು ಪರವಾಗಿ ಮತ ಹಾಕಿದವು. ವಿರೋಧಿಸಿದ್ದು ನಾಲ್ಕು ದೇಶ: ರಶ್ಯ, ಬೆಲಾರುಸ್, ಮಾಲಿ ಮತ್ತು ಭಾರತ. ಈ ಚರ್ಚೆ ಜಿನೀವಾದ ಬೇರೆ ವೇದಿಕೆಯಲ್ಲಿ ನಡೆಯಲಿ ಎಂಬುದು ಭಾರತದ ಬಹುಕಾಲದ ನಿಲುವು. ಯುರೋಪಿನ ಎಐ ಕಾಯ್ದೆ ಜಗತ್ತಿಗೇ ಮಾದರಿ ಎಂದು ಹೊಗಳಿಸಿಕೊಂಡಿದೆ. ಅದೂ ಸೇನಾ ಬಳಕೆಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ.

ಭಾರತದ ದತ್ತಾಂಶ ಕಾಯ್ದೆಯ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಕಂಪೆನಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಗೆ ಬರುವುದು ಅದಾಗಿ 18 ತಿಂಗಳ ಮೇಲೆ, ಅಂದರೆ 2027ರ ಮೇ ಹೊತ್ತಿಗೆ. ಪಬ್‌ಜಿ ಮೊಬೈಲ್ ಭಾರತಕ್ಕೆ ಬಂದದ್ದು 2018ರಲ್ಲಿ. ಆಗ ಹದಿಮೂರರ ಪ್ರಾಯದಲ್ಲಿ ಆಡಲು ಶುರು ಮಾಡಿದ ಹುಡುಗನಿಗೆ ಕಾಯ್ದೆ ಪೂರ್ತಿ ಕಣ್ಣು ತೆರೆಯುವಾಗ 22 ತುಂಬಿರುತ್ತದೆ, ಬಹುಶಃ ಗಲ್ಫ್‌ನ ವೀಸಾವೂ ಆಗಿರುತ್ತದೆ. ಆ ಒಂಬತ್ತು ವರ್ಷಗಳ ಆಟವನ್ನು ಅಳಿಸಿ ಎಂದು ಕೇಳುವ ಹಕ್ಕು ಅವನಿಗೆ ಸಿಗುತ್ತದೆ. ದಾಖಲೆಯನ್ನು ಅಳಿಸಬಹುದು. ಅದನ್ನು ನೋಡಿ ಯಂತ್ರ ಕಲಿತು ಮುಗಿಸಿದ್ದನ್ನು ಅಳಿಸುವುದು ಹೇಗೆಂದು ನಿಯಮಗಳಲ್ಲಿ ಬರೆದಿಲ್ಲ.